ಮದುವೆಯಲ್ಲಿ ನಂಟರಿರಲಿ, ಆಡಂಬರ ಬೇಡ

ಸಂಪಾದಕರಿಗೆ,

ಮಾನ್ಯರೇ,

ಮದುವೆಯ ಖರ್ಚು ಮಿತಿ ಮೀರುತ್ತಿದೆ ಎಂಬ ಕಳವಳ ಓದುಗರ ಪತ್ರಗಳಲ್ಲಿ ಆಗಾಗ ವ್ಯಕ್ತವಾಗುತ್ತಿದೆ. ಅದಕ್ಕೆ ಪರಿಹಾರವಾಗಿ ಸೂಚಿಸುವ ಮಾತು ಮಾತ್ರ ಹೆಚ್ಚುಕಡಿಮೆ ಒಂದೇ: ಶಾಸ್ತ್ರಗಳನ್ನು ಮೊಟಕುಗೊಳಿಸಿ, ಕರೆಯುವವರನ್ನು ಕಡಿಮೆ ಮಾಡಿ. ಬಂಧುಬಳಗದ ಹಲವು ಮದುವೆಗಳಲ್ಲಿ ಲೆಕ್ಕಪತ್ರದ ಹೊಣೆ ಹೊತ್ತವಳಾಗಿ ನನಗೆ ಈ ಸಲಹೆಯ ಬಗ್ಗೆ ಗಂಭೀರವಾದ ತಕರಾರಿದೆ. ಸಂಪ್ರದಾಯ ಮತ್ತು ಜನ, ಇವೆರಡೂ ಮದುವೆಯ ತಿರುಳು. ಹಣ ಸೋರಿಹೋಗುವುದು ಬೇರೆ ಕಡೆಯಲ್ಲಿ. ಆ ಸೋರಿಕೆಯನ್ನು ಮುಟ್ಟದೆ ತಿರುಳಿಗೇ ಕತ್ತರಿ ಹಾಕುವುದು ಸರಿಯಲ್ಲ ಎಂದು ಹೇಳುವುದಕ್ಕಾಗಿ ಈ ಪತ್ರ.

ಯಾವುದೇ ಮದುವೆಯ ಖರ್ಚಿನ ಪುಸ್ತಕವನ್ನು ಬಿಡಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ವಿಧಿಗೆ ಬೇಕಾದ ಸಾಮಗ್ರಿ, ವಿಧಿ ನಡೆಸಿಕೊಡುವವರ ಸಂಭಾವನೆ, ಹಿರಿಯರಿಗೆ ಸಲ್ಲಬೇಕಾದ ಗೌರವ, ಇವೆಲ್ಲ ಸೇರಿದರೂ ಅರ್ಧ ಪುಟ ತುಂಬುವುದಿಲ್ಲ. ಪುಟಗಟ್ಟಲೆ ಬೆಳೆಯುವುದು ವೇದಿಕೆಯ ಅಲಂಕಾರ, ಬಣ್ಣದ ಬೆಳಕು, ಒಮ್ಮೆ ಮಾತ್ರ ತೊಡುವ ಎರಡನೆಯ ಮತ್ತು ಮೂರನೆಯ ಜೊತೆ ಉಡುಪು, ಮದುವೆಗೆ ಮುಂಚೆ ನಡೆಯುವ ಫೋಟೊ ಚಿತ್ರೀಕರಣ, ಡ್ರೋನ್ ಕ್ಯಾಮೆರಾ, ಬಂದವರ ಕೈಗೆ ಕೊಡುವ ಕಾಣಿಕೆಯ ಡಬ್ಬಿ ಮೊದಲಾದ ಬಾಬ್ತುಗಳು. ಇವುಗಳಲ್ಲಿ ಒಂದನ್ನೂ ಯಾವ ಸಂಪ್ರದಾಯವೂ ಕೇಳಿಲ್ಲ. ಆದರೂ ಖರ್ಚು ಜಾಸ್ತಿಯಾಯಿತು ಎಂದಾಗ ಮನೆಯವರ ಬಾಯಲ್ಲಿ ಮೊದಲು ಬರುವ ಮಾತು, ‘ಏನು ಮಾಡುವುದು, ಸಂಪ್ರದಾಯ ಬಿಡಲಾಗುವುದಿಲ್ಲವಲ್ಲ’ ಎಂದು. ಸಂಪ್ರದಾಯದ ಮೇಲೆ ಹೊರಿಸುವ ಈ ಅಪವಾದ ನನಗೆ ನಿಜಕ್ಕೂ ನೋವು ತರುತ್ತದೆ.

ನಾವು ಅನಾದಿ ಕಾಲದ್ದೆಂದು ನಂಬಿರುವ ಎಷ್ಟೋ ದುಬಾರಿ ಪದ್ಧತಿಗಳ ವಯಸ್ಸನ್ನು ವಿಚಾರಿಸಿದರೆ ಆಶ್ಚರ್ಯವಾಗುತ್ತದೆ. ಮದುಮಗಳ ಬಿಳಿ ಉಡುಪು ಇಂದು ಜಗತ್ತಿನ ಅನೇಕ ಕಡೆ ಮದುವೆಯ ಗುರುತೇ ಆಗಿಬಿಟ್ಟಿದೆ. ಅದು ಇಷ್ಟು ವ್ಯಾಪಕವಾಗಿ ಹಬ್ಬಿದ್ದು ಬ್ರಿಟನ್ನಿನ ರಾಣಿ ವಿಕ್ಟೋರಿಯಾ 1840ರ ಫೆಬ್ರುವರಿ 10ರಂದು ತನ್ನ ಮದುವೆಯಲ್ಲಿ ಬಿಳಿ ರೇಷ್ಮೆ ಉಟ್ಟ ಮೇಲೆ. ಅದಕ್ಕೂ ಮೊದಲು ಅಲ್ಲಿನ ಸಾಮಾನ್ಯ ಕುಟುಂಬದ ಹೆಣ್ಣುಮಕ್ಕಳು ತಮ್ಮಲ್ಲಿದ್ದ ಒಳ್ಳೆಯ ಉಡುಪನ್ನು, ಅದು ಯಾವ ಬಣ್ಣದ್ದಾಗಿದ್ದರೂ, ಧರಿಸಿ ಮದುವೆಯಾಗುತ್ತಿದ್ದರು ಮತ್ತು ಮುಂದೆ ವರ್ಷಗಟ್ಟಲೆ ಅದನ್ನೇ ಉಡುತ್ತಿದ್ದರು. ರಾಣಿಯಾದರೂ ಸ್ವದೇಶದ ಲೇಸ್ ಹೆಣೆಯುವ ಕೆಲಸಗಾರರಿಗೆ ನೆರವಾಗಲೆಂದು ಇಂಗ್ಲೆಂಡಿನಲ್ಲೇ ಕೈಯಿಂದ ಹೆಣೆದ ಹೋನಿಟನ್ ಲೇಸನ್ನು ಆರಿಸಿಕೊಂಡಿದ್ದರು. ಆ ಉದ್ದೇಶ ಮರೆತುಹೋಗಿ ಬಿಳುಪು ಮಾತ್ರ ಕಡ್ಡಾಯವಾಗಿ ಉಳಿಯಿತು. ವಜ್ರದುಂಗುರದ ಕಥೆ ಇನ್ನೂ ಈಚಿನದು. ವಜ್ರ ಶಾಶ್ವತವೆಂದು ಸಾರುವ ಪ್ರಸಿದ್ಧ ಸಾಲನ್ನು ಡಿ ಬೀರ್ಸ್ ಕಂಪನಿಯ ಜಾಹೀರಾತಿಗಾಗಿ ಫ್ರಾನ್ಸಿಸ್ ಗೆರೆಟಿ ಎಂಬ ಬರಹಗಾರ್ತಿ ಬರೆದದ್ದು 1947ರಲ್ಲಿ. ಒಂದು ಜಾಹೀರಾತಿನ ಸಾಲು ಎರಡೇ ತಲೆಮಾರುಗಳಲ್ಲಿ ಕೋಟ್ಯಂತರ ಕುಟುಂಬಗಳಿಗೆ ತಪ್ಪಿಸಲಾಗದ ಕಟ್ಟಳೆಯಾಗಬಲ್ಲುದಾದರೆ, ಇಂದು ಮೊಬೈಲ್ ಪರದೆಯಲ್ಲಿ ಕಾಣುವ ಅಲಂಕಾರ ನಾಳೆ ‘ಹಿಂದಿನಿಂದ ಬಂದದ್ದು’ ಎನಿಸಿಕೊಳ್ಳಲು ಎಷ್ಟು ಕಾಲ ಬೇಕು?

ಹಾಗಾದರೆ ನಿಜವಾದ ಸಂಪ್ರದಾಯ ಯಾವುದು ಎಂದು ಗುರುತಿಸುವುದು ಹೇಗೆ? ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳುವುದಕ್ಕಿಂತ ಉತ್ತಮವಾದ ದಾರಿಯನ್ನು ನಾನು ಕಂಡಿಲ್ಲ. ಆದರೆ ಕೇಳುವ ಪ್ರಶ್ನೆ ಸರಿಯಾಗಿರಬೇಕು. ‘ಏನೇನು ಮಾಡಬೇಕು ಹೇಳಿ’ ಎಂದು ಕೇಳಿದರೆ ಪಟ್ಟಿ ಮುಗಿಯುವುದೇ ಇಲ್ಲ. ತಮ್ಮ ಮನೆಯದು, ಬೀಗರ ಮನೆಯದು, ಯಾರದೋ ಮದುವೆಯಲ್ಲಿ ನೋಡಿದ್ದು, ಎಲ್ಲವೂ ಅದರೊಳಗೆ ಸೇರಿಕೊಳ್ಳುತ್ತವೆ. ‘ಯಾವುದನ್ನು ಬಿಟ್ಟರೆ ನಿಮ್ಮ ಮನಸ್ಸಿಗೆ ಮದುವೆ ಆದ ಹಾಗೆ ಅನ್ನಿಸುವುದಿಲ್ಲ?’ ಎಂದು ಕೇಳಿ ನೋಡಿ. ನಮ್ಮ ಕುಟುಂಬದ ಅಜ್ಜಿಯೊಬ್ಬರಿಗೆ ಈ ಪ್ರಶ್ನೆ ಕೇಳಿದಾಗ ಅವರು ತುಸು ಹೊತ್ತು ಸುಮ್ಮನಿದ್ದು, ಬೆರಳು ಮಡಿಸುತ್ತ ಎಣಿಸಿದರು: ಇಬ್ಬರೂ ಎಲ್ಲರೆದುರು ಒಪ್ಪಿಗೆ ಹೇಳಬೇಕು, ಎರಡೂ ಮನೆಯ ಹಿರಿಯರು ತಲೆ ಮುಟ್ಟಿ ಹರಸಬೇಕು, ಬಂದವರು ಹಸಿದು ಹೋಗಬಾರದು. ನಾಲ್ಕನೆಯ ಬೆರಳನ್ನು ಮಡಿಸಲು ಹೋಗಿ, ‘ಉಳಿದದ್ದು ನಿಮ್ಮ ಅನುಕೂಲ’ ಎಂದು ಕೈಬಿಟ್ಟರು. ಅದುವರೆಗೆ ‘ಅಜ್ಜಿ ಒಪ್ಪುವುದಿಲ್ಲ’ ಎಂಬ ಹೆಸರಿನಲ್ಲಿ ಪಟ್ಟಿಗೆ ಸೇರಿದ್ದ ಎಷ್ಟೋ ಸಂಗತಿಗಳು ಅಜ್ಜಿಯ ಬೇಡಿಕೆಗಳೇ ಆಗಿರಲಿಲ್ಲ. ಎರಡು ಬೇರೆ ಬೇರೆ ಸಂಪ್ರದಾಯದ ಮನೆಗಳು ಸೇರುವಾಗಲಂತೂ ಈ ಪ್ರಶ್ನೆಯ ಬೆಲೆ ಇನ್ನೂ ದೊಡ್ಡದು. ಎರಡೂ ಕಡೆಯವರು ಬಿಡಲಾಗದ್ದನ್ನು ಮಾತ್ರ ಹೇಳಿದರೆ ಎರಡನ್ನೂ ಸಾವಕಾಶವಾಗಿ, ಅರ್ಥ ತಿಳಿಸುತ್ತ ಮಾಡಲು ಒಂದು ಹೊತ್ತು ಸಾಕಾಗುತ್ತದೆ.

ಸಾವಕಾಶ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಇಂದಿನ ಮದುವೆಗಳಲ್ಲಿ ಅತ್ಯಂತ ಅಗ್ಗವಾಗಿ ಹೋಗಿರುವುದು ವಿಧಿಗೆ ಮೀಸಲಾದ ಸಮಯ. ಇತ್ತೀಚೆಗೆ ನೋಡಿದ ಮದುವೆಯೊಂದರಲ್ಲಿ ತಂದೆ ಮಗಳ ಕೈಯನ್ನು ಅಳಿಯನ ಕೈಯಲ್ಲಿಡುವ ಗಳಿಗೆ ಬಂದಿತ್ತು. ಅವರ ಕಣ್ಣು ತುಂಬಿತ್ತು, ಕೈ ನಡುಗುತ್ತಿತ್ತು. ಅಷ್ಟರಲ್ಲಿ ಛಾಯಾಗ್ರಾಹಕರು ಬೆಳಕು ಸರಿಯಾಗಿ ಬೀಳಲಿಲ್ಲವೆಂದು ಆ ಕೈಗಳನ್ನು ಬಿಡಿಸಿ, ಮೂವರನ್ನೂ ತುಸು ಬಲಕ್ಕೆ ತಿರುಗಿಸಿ, ಇನ್ನೊಮ್ಮೆ ಇಡುವಂತೆ ಹೇಳಿದರು. ತಂದೆ ಹಾಗೆಯೇ ಮಾಡಿದರು. ಎರಡನೆಯ ಸಲ ಅವರ ಮುಖದಲ್ಲಿದ್ದದ್ದು ಕ್ಯಾಮೆರಾ ನೋಡಬೇಕೋ ಮಗಳನ್ನು ನೋಡಬೇಕೋ ಎಂಬ ಗೊಂದಲ ಮಾತ್ರ. ಮುಂದೆ ಕುಳಿತವರಿಗೂ ಕ್ಯಾಮೆರಾ ಹಿಡಿದವರ ಬೆನ್ನಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಛಾಯಾಗ್ರಾಹಕರನ್ನು ದೂರುವುದು ನ್ಯಾಯವಲ್ಲ, ಅವರಿಗೆ ವಹಿಸಿದ ಕೆಲಸವೇ ಅದು. ವಿಧಿ ನಡೆಯುವಾಗ ಯಾರನ್ನೂ ತಡೆಯಬಾರದು, ಯಾವುದನ್ನೂ ಮರಳಿ ಮಾಡಿಸಬಾರದು, ಪಕ್ಕದಿಂದಲೇ ಚಿತ್ರ ತೆಗೆಯಬೇಕು ಎಂಬ ಮೂರು ಮಾತನ್ನು ಮುಂಗಡ ಕೊಡುವಾಗಲೇ ಸ್ಪಷ್ಟವಾಗಿ ಹೇಳುವ ಹೊಣೆ ನಮ್ಮದು. ಇದಕ್ಕೆ ಕಾಸು ಖರ್ಚಿಲ್ಲ.

ಇನ್ನು ಜನರ ವಿಷಯ. ಬರುವವರ ಸಂಖ್ಯೆ ಏರಿದಂತೆ ಊಟ, ಆಸನ, ಸಭಾಂಗಣದ ಗಾತ್ರ, ವಾಹನ ನಿಲುಗಡೆ ಎಲ್ಲವೂ ಏರುತ್ತವೆ ಎಂಬುದು ನಿಜ, ಆದ್ದರಿಂದಲೇ ಎಲ್ಲರ ಕಣ್ಣು ಮೊದಲು ಆಹ್ವಾನಿತರ ಪಟ್ಟಿಯ ಮೇಲೆ ಬೀಳುತ್ತದೆ. ಆದರೆ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಾದ ಆಂಡ್ರ್ಯೂ ಫ್ರಾನ್ಸಿಸ್ ಮತ್ತು ಹ್ಯೂಗೊ ಮಿಯಾಲನ್ ಅವರು ಅಲ್ಲಿನ 3,000ಕ್ಕೂ ಹೆಚ್ಚು ವಿವಾಹಿತರನ್ನು ಸಮೀಕ್ಷಿಸಿ 2014ರಲ್ಲಿ ಹೊರತಂದ ಅಧ್ಯಯನವನ್ನು ಪಟ್ಟಿಗೆ ಗೀಟು ಹಾಕುವ ಮುನ್ನ ನೆನೆಯುವುದು ಒಳ್ಳೆಯದು. ಮದುವೆಗೆ ಮತ್ತು ಉಂಗುರಕ್ಕೆ ಹೆಚ್ಚು ಖರ್ಚು ಮಾಡಿದವರಲ್ಲಿ ದಾಂಪತ್ಯ ಮುರಿಯುವ ಸಂಭವ ಹೆಚ್ಚಾಗಿಯೂ, ಹೆಚ್ಚು ಜನ ಸೇರಿದ ಮದುವೆಗಳಲ್ಲಿ ಅದು ಕಡಿಮೆಯಾಗಿಯೂ ಅವರಿಗೆ ಕಂಡುಬಂತು. ಒಂದು ದೇಶದ ಸಮೀಕ್ಷೆಯಿಂದ ಎಲ್ಲರಿಗೂ ಅನ್ವಯಿಸುವ ತೀರ್ಮಾನಕ್ಕೆ ಬರಲಾಗದು. ಎರಡು ಸಂಗತಿಗಳು ಜೊತೆಯಲ್ಲಿ ಕಂಡ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವೂ ಆಗದು. ದೊಡ್ಡ ಬಳಗವುಳ್ಳವರಿಗೆ ಕಷ್ಟಕಾಲದಲ್ಲಿ ಆಸರೆ ಸಿಗುತ್ತದೆ ಎಂಬುದೇ ಇದರ ಹಿಂದಿನ ಕಾರಣವಿರಬಹುದು. ಆದರೂ ಖರ್ಚು ಮತ್ತು ಜನ ಒಂದೇ ದಿಕ್ಕಿನಲ್ಲಿ ಸಾಗಬೇಕಿಲ್ಲ ಎಂಬುದನ್ನು ಅದು ಚೆನ್ನಾಗಿ ತೋರಿಸುತ್ತದೆ.

ಈಗ ಸರಳ ಮದುವೆ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಕೆಲವು ಮದುವೆಗಳು ಇದಕ್ಕೆ ತೀರಾ ವಿರುದ್ಧವಾಗಿವೆ. ಬೆರಳೆಣಿಕೆಯ ಅತಿಥಿಗಳನ್ನು ದೂರದ ದುಬಾರಿ ತಾಣಕ್ಕೆ ಕರೆದೊಯ್ಯಲಾಗುತ್ತದೆ. ಮದುಮಗಳನ್ನು ಎತ್ತಿ ಆಡಿಸಿದ ನೆರೆಯವರು, ಓದಿಸಿದ ಶಿಕ್ಷಕರು, ಕಾಯಿಲೆಯಲ್ಲಿ ರಾತ್ರಿಯೆಲ್ಲ ಜೊತೆಗಿದ್ದ ಬಂಧುಗಳು ಆಮೇಲೆ ಚಿತ್ರಗಳನ್ನು ನೋಡಿ ಸಮಾಧಾನ ಪಡಬೇಕಾಗುತ್ತದೆ. ನನ್ನ ದೃಷ್ಟಿಯಲ್ಲಿ ಸರಳತೆ ಎಂದರೆ ಇವರೆಲ್ಲರನ್ನೂ ಕರೆಯಲು ಸಾಧ್ಯವಾಗುವಂತೆ ತಲೆಗೊಂದರ ಖರ್ಚನ್ನು ಇಳಿಸುವುದು. ಹತ್ತಾರು ಬಗೆಯ ಅಡುಗೆಯ ಬದಲು ನಾಲ್ಕೈದನ್ನು ರುಚಿಯಾಗಿ ಮಾಡಿಸಬಹುದು. ಎರಡು ದಿನಗಳ ಎರಡು ಸಮಾರಂಭಗಳನ್ನು ಒಂದೇ ಹೊತ್ತಿಗೆ ತರಬಹುದು. ಎಲ್ಲರೂ ಮುಗಿಬೀಳುವ ದಿನವನ್ನು ಬಿಟ್ಟು ವಾರದ ನಡುವಿನ ದಿನವನ್ನು ಆರಿಸಿದರೆ ಸಭಾಂಗಣದ ಬಾಡಿಗೆಯಲ್ಲೇ ದೊಡ್ಡ ಉಳಿತಾಯವಾಗುವುದುಂಟು. ಪಟ್ಟಿಯನ್ನು ಚಿಕ್ಕದು ಮಾಡಲೇಬೇಕಾದರೆ, ವಧೂವರರಿಬ್ಬರಿಗೂ ಮುಖಪರಿಚಯವಿಲ್ಲದ, ಕರೆಯದಿದ್ದರೆ ಏನೆಂದುಕೊಂಡಾರೋ ಎಂಬ ಅಳುಕಿಗಾಗಿ ಮಾತ್ರ ಸೇರಿಸಿದ ಹೆಸರುಗಳಿಂದ ಆರಂಭಿಸಬೇಕು.

ಸರ್ಕಾರವೇ ಕಾನೂನು ತಂದು ಇದಕ್ಕೆ ಮಿತಿ ಹಾಕಲಿ ಎನ್ನುವವರೂ ಇದ್ದಾರೆ. ಪ್ರಾಚೀನ ರೋಮಿನಲ್ಲಿ ಕ್ರಿ.ಪೂ. ಎರಡನೆಯ ಶತಮಾನದಲ್ಲೇ ಔತಣದ ಅತಿಥಿಗಳ ಸಂಖ್ಯೆಗೂ ವೆಚ್ಚಕ್ಕೂ ಮಿತಿ ವಿಧಿಸುವ ಕಾಯ್ದೆಗಳು ಬಂದಿದ್ದವು, ಒಂದರ ಬೆನ್ನಿಗೆ ಇನ್ನೊಂದನ್ನು ತರಬೇಕಾಗಿಯೂ ಬಂತು. ನಮ್ಮ ಕಾಲದಲ್ಲಿ ತಜಕಿಸ್ತಾನವು 2007ರಲ್ಲಿ ಮದುವೆಯೂ ಸೇರಿದಂತೆ ಸಮಾರಂಭಗಳ ಗಾತ್ರವನ್ನು ನಿಯಂತ್ರಿಸುವ ಕಾನೂನು ಮಾಡಿದೆ. ಸಾಲದಲ್ಲಿ ಮುಳುಗುವ ಕುಟುಂಬಗಳ ಮೇಲಿನ ಕಾಳಜಿ ಇಂಥ ಕಾನೂನುಗಳ ಹಿಂದೆ ಇರಬಹುದು. ಆದರೆ ಕಾನೂನು ತಲೆ ಎಣಿಸಬಲ್ಲದೇ ಹೊರತು, ಯಾವ ಅತಿಥಿ ಬೇಕಾದವರು, ಯಾವ ಖರ್ಚು ತೋರಿಕೆಯದು ಎಂದು ತಿಳಿಯಲಾರದು. ಆ ವಿವೇಚನೆ ಮನೆಯೊಳಗೇ ಆಗಬೇಕು.

ಮನೆಯೊಳಗಿನ ವಿವೇಚನೆಗೆ ಅಡ್ಡಿಯಾಗಿರುವುದು ಹಣದ ಬಗ್ಗೆ ಬಾಯಿಬಿಟ್ಟು ಮಾತಾಡಲು ನಮಗಿರುವ ಸಂಕೋಚ. ಮಕ್ಕಳಿಗೆ ತಂದೆತಾಯಿಯ ಉಳಿತಾಯವೆಷ್ಟೆಂದು ಗೊತ್ತಿರುವುದಿಲ್ಲ, ಹೆತ್ತವರಿಗೆ ಮಕ್ಕಳ ಆಸೆಯ ಬೆಲೆಯೆಷ್ಟೆಂದು ಗೊತ್ತಿರುವುದಿಲ್ಲ. ಇಬ್ಬರೂ ಇನ್ನೊಬ್ಬರ ಮನಸ್ಸು ನೋಯಬಾರದೆಂದು ಸುಮ್ಮನಿದ್ದು ಕೊನೆಗೆ ಸಾಲಕ್ಕೆ ಸಹಿ ಹಾಕುತ್ತಾರೆ. ಸಭಾಂಗಣಕ್ಕೆ ಮುಂಗಡ ಕೊಡುವ ಮೊದಲೇ ವಧೂವರರೂ ಖರ್ಚು ಹೊರುವವರೂ ಒಟ್ಟಿಗೆ ಕುಳಿತು, ಸಾಲವಿಲ್ಲದೆ ಕೈಯಲ್ಲಿರುವ ಮೊತ್ತವೆಷ್ಟು ಎಂಬುದನ್ನು ಹಾಳೆಯ ಮೇಲೆ ಬರೆಯಬೇಕು. ಅದರಲ್ಲಿ ಹತ್ತನೆಯ ಒಂದು ಭಾಗವನ್ನು ಅನಿರೀಕ್ಷಿತ ಖರ್ಚಿಗೆಂದು ತೆಗೆದಿಟ್ಟು, ಉಳಿದದ್ದನ್ನು ಮಾತ್ರ ಹಂಚಬೇಕು. ದರ ವಿಚಾರಿಸುವಾಗ ತೆರಿಗೆ, ವಿದ್ಯುತ್, ಸ್ವಚ್ಛತೆ, ಹೆಚ್ಚುವರಿ ಗಂಟೆಗಳ ಬಾಡಿಗೆ ಇವೆಲ್ಲ ಸೇರಿವೆಯೇ, ಕಾರ್ಯಕ್ರಮ ಮುಂದಕ್ಕೆ ಹೋದರೆ ಮುಂಗಡ ಮರಳಿ ಬರುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಪುಸ್ತಕದ ಕೊನೆಯ ಪುಟದಲ್ಲಿ ‘ಇತರೆ’ ಎಂದು ಬರೆದು ಒಟ್ಟು ಹಾಕುವ ಮೊತ್ತ ಎಷ್ಟು ದೊಡ್ಡದಿರುತ್ತದೆಂದು ಲೆಕ್ಕ ಬರೆದವರಿಗೆ ಗೊತ್ತು.

ಇಷ್ಟೆಲ್ಲ ಬಿಗಿ ಹಿಡಿದರೆ ವಧೂವರರ ಸ್ವಂತ ಅಭಿರುಚಿಗೆ ಜಾಗವೆಲ್ಲಿ ಎಂದು ಕಿರಿಯರು ಕೇಳಬಹುದು. ಪ್ಯಾಕೇಜಿನ ರೂಪದಲ್ಲಿ ಕೊಂಡುತಂದ ಅಲಂಕಾರದಲ್ಲಿ ಅವರ ಅಭಿರುಚಿಗಿಂತ ಅದನ್ನು ಮಾರಿದವರ ಅಭಿರುಚಿಯೇ ಹೆಚ್ಚಾಗಿ ಕಾಣುತ್ತದೆ. ಅದೇ ಕಮಾನು, ಅದೇ ಹೂವು, ಅದೇ ಹೊಗೆಯ ನಡುವೆ ಪ್ರವೇಶಿಸುವ ಅದೇ ರೀತಿಯನ್ನು ಒಂದೇ ತಿಂಗಳಲ್ಲಿ ಎಷ್ಟೋ ಮದುವೆಗಳಲ್ಲಿ ನೋಡುತ್ತೇವೆ. ಬದಲಿಗೆ ಆಹ್ವಾನ ಪತ್ರಿಕೆಯ ಒಕ್ಕಣೆಯನ್ನು ಅವರೇ ಬರೆಯಲಿ. ಹಾಡುವ ಗೆಳತಿ ಹಾಡಲಿ. ತಾಯಿಯ ಮದುವೆಯ ಉಡುಪನ್ನು ಸರಿಪಡಿಸಿ ಮಗಳು ಉಡಲಿ, ಇಲ್ಲವೇ ಮುಂದಿನ ಹತ್ತು ವರ್ಷ ಹಬ್ಬಹರಿದಿನಗಳಲ್ಲಿ ಉಡಬಹುದಾದದ್ದನ್ನು ಆರಿಸಲಿ. ಪ್ರತಿ ವಿಧಿಯ ಅರ್ಥವನ್ನು ವಧೂವರರೇ ಸಭೆಗೆ ನಾಲ್ಕು ಮಾತಿನಲ್ಲಿ ತಿಳಿಸಿದ ಮದುವೆಯೊಂದನ್ನು ನೋಡಿದ್ದೇನೆ. ಹರಟೆಯಲ್ಲಿ ಮುಳುಗಿದ್ದ ಹಿಂದಿನ ಸಾಲಿನವರೂ ತಿರುಗಿ ಕುಳಿತು ಕೇಳಿದರು. ಆ ಮದುವೆಯಲ್ಲಿ ಅಲಂಕಾರ ಹೇಗಿತ್ತೆಂದು ನನಗೆ ನೆನಪಿಲ್ಲ, ಅವರಾಡಿದ ಮಾತು ನೆನಪಿದೆ.

ಸಮಾರಂಭದ ಗಡಿಬಿಡಿಯಲ್ಲಿ ಹಿಂದೆ ಸರಿಯುವ ಇನ್ನೊಂದು ಕೆಲಸ ಮದುವೆಯ ನೋಂದಣಿ. ಇಬ್ಬರ ಮುಕ್ತ ಒಪ್ಪಿಗೆ ಮತ್ತು ಅಧಿಕೃತ ನೋಂದಣಿ ಇರಬೇಕೆಂದು ವಿಶ್ವಸಂಸ್ಥೆ 1962ರಲ್ಲೇ ಒಡಂಬಡಿಕೆಯೊಂದನ್ನು ಅಂಗೀಕರಿಸಿದೆ. ಬೇಕಾದ ದಾಖಲೆಗಳನ್ನು ಉಡುಪು ಹೊಲಿಯಲು ಕೊಡುವ ದಿನವೇ ಜೋಡಿಸಿಟ್ಟುಕೊಂಡರೆ ಆಮೇಲೆ ಅಲೆದಾಟವಿರುವುದಿಲ್ಲ.

ಪತ್ರಿಕೆಗಳಲ್ಲಿ ನನ್ನದೊಂದು ಕೋರಿಕೆ. ಮದುವೆಯ ವಿಶೇಷ ಪುಟಗಳಲ್ಲಿ ಗಣ್ಯರ ಮನೆಯ ವೈಭವದ ಚಿತ್ರಗಳಿಗೆ ಸಿಗುವ ಜಾಗದ ಸ್ವಲ್ಪ ಭಾಗವನ್ನಾದರೂ, ಸಾಲವಿಲ್ಲದೆ ಬಳಗವನ್ನೆಲ್ಲ ಕರೆದು ಮದುವೆ ಮಾಡಿದ ಸಾಮಾನ್ಯ ಕುಟುಂಬಗಳಿಗೆ ಮೀಸಲಿಡಿ. ಅವರು ಏನನ್ನು ಉಳಿಸಿಕೊಂಡರು, ಏನನ್ನು ಬಿಟ್ಟರು, ಬಿಟ್ಟಿದ್ದಕ್ಕೆ ಯಾರು ಮುನಿಸಿಕೊಂಡರು, ಆ ಮುನಿಸನ್ನು ಹೇಗೆ ತಣಿಸಿದರು ಎಂಬುದನ್ನು, ಒಪ್ಪುವವರಿದ್ದರೆ ಖರ್ಚಿನ ವಿವರದ ಸಮೇತ, ಪ್ರಕಟಿಸಿ. ಮದುವೆ ಗೊತ್ತಾಗಿ ನಾಳೆಯೇ ಪಟ್ಟಿ ಬರೆಯಲು ಕೂರುವ ಮನೆಯವರಿಗೆ ಅಂಥ ಒಂದು ಪುಟದಿಂದ ನೇರವಾದ ಉಪಯೋಗವಿದೆ.

ಇಂತಿ ತಮ್ಮ ವಿಶ್ವಾಸಿ,
ಓದುಗಳೊಬ್ಬಳು