ಸಿಟ್ಟು ಬರುವ ಮೊದಲಿನ ಗಳಿಗೆ

ಪ್ರೀತಿಯ ಪುಟ್ಟಾ,

ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ತಂಗಿಯ ಮೇಲೆ ಮತ್ತೆ ಕೂಗಾಡಿದೆ, ಆಮೇಲೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ ಅಂತ ಬರೆದಿದ್ದೀಯ. ‘ನಾನು ಯಾಕೆ ಹೀಗೆ? ನನ್ನ ಮನಸ್ಸೇ ಗಟ್ಟಿಯಿಲ್ಲ’ ಅಂದಿದ್ದೀಯ. ನಿನ್ನ ಸಂಕಟ ಅರ್ಥವಾಗುತ್ತದೆ. ಆದರೆ ಆ ಪ್ರಶ್ನೆಯಿಂದ ನಿನಗೆ ಉಪಯೋಗವಿಲ್ಲ, ಆ ತೀರ್ಮಾನವನ್ನಂತೂ ನಾನು ಒಪ್ಪುವುದಿಲ್ಲ.

‘ಯಾಕೆ’ ಅಂತ ಕೇಳಿದರೆ ಮನಸ್ಸು ಸುಮ್ನಿರುವುದಿಲ್ಲ. ಏನೋ ಒಂದು ಕಾರಣ ಹೇಳಿಬಿಡುತ್ತದೆ. ಅದು ನಿಜವೇ ಆಗಿರಬೇಕು ಅಂತೇನಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಿಚರ್ಡ್ ನಿಸ್ಬೆಟ್ ಮತ್ತು ತಿಮೊಥಿ ವಿಲ್ಸನ್ 1977ರಲ್ಲಿ ಇದರ ಬಗ್ಗೆ ಬರೆದರು. ಅವರು ನಾಲ್ಕು ಜೊತೆ ನೈಲಾನ್ ಕಾಲುಚೀಲಗಳನ್ನು ಸಾಲಾಗಿ ಇಟ್ಟು, ಯಾವುದು ಚೆನ್ನಾಗಿದೆ ಹೇಳಿ ಅಂತ ಜನರನ್ನು ಕೇಳಿದ್ದರು. ಬಲತುದಿಯಲ್ಲಿದ್ದದ್ದನ್ನೇ ಜಾಸ್ತಿ ಜನ ಆರಿಸಿದರು. ನಿಜಕ್ಕೂ ನಾಲ್ಕೂ ಒಂದೇ ಥರದವು! ಆದರೂ ಯಾಕೆ ಆರಿಸಿದಿರಿ ಅಂದರೆ ಅದರದೇ ಗುಣ ಹೇಳಿದರು. ಇಟ್ಟ ಜಾಗದಿಂದ ಹಾಗೆ ಅನಿಸಿರಬಹುದೇ ಅಂದರೆ, ಹೆಚ್ಚುಕಡಿಮೆ ಎಲ್ಲರೂ ಇಲ್ಲವೇ ಇಲ್ಲ ಅಂದರು. ಅವರು ಸುಳ್ಳು ಹೇಳಲಿಲ್ಲ ಪುಟ್ಟಾ. ತಮಗೆ ಸರಿ ಅನಿಸಿದ ಕಾರಣವನ್ನೇ ಹೇಳಿದರು. ‘ಮನಸ್ಸು ಗಟ್ಟಿಯಿಲ್ಲ’ ಅನ್ನುವ ನಿನ್ನ ಮಾತೂ ಅಂಥದ್ದೇ ಅಂತ ನನಗೆ ಅನಿಸುತ್ತದೆ.

ಅದಕ್ಕೇ ಕಾರಣ ಹುಡುಕುವುದನ್ನು ಬಿಟ್ಟು, ಆದದ್ದೇನು ಅಂತ ನೋಡು. ನಿನ್ನ ಪತ್ರದಲ್ಲೇ ಅದಿದೆ. ಮೂರು ಜಗಳಗಳನ್ನು ಹೇಳಿದ್ದೀಯ. ಮೂರೂ ಆಗಿದ್ದು ನೀನು ಸಂಜೆ ಕೆಲಸ ಮುಗಿಸಿ ಬಂದು, ಇನ್ನೂ ಕೈಕಾಲು ತೊಳೆಯುವ ಮೊದಲು. ಮೂರು ಸಲವೂ ಕೈಯಲ್ಲಿ ಫೋನ್ ಇತ್ತು, ಆಫೀಸಿನ ಮೆಸೇಜ್ ಓದುತ್ತಿದ್ದೆ. ತಂಗಿ ಬಂದು ಏನೋ ಕೇಳಿದಳು. ನೀನು ತಲೆ ಎತ್ತದೆ ಉತ್ತರ ಕೊಟ್ಟೆ, ಅವಳು ಮತ್ತೆ ಕೇಳಿದಳು, ನಿನ್ನ ದನಿ ಏರಿತು. ಭಾನುವಾರದ ಒಂದು ಜಗಳವೂ ಇದರಲ್ಲಿಲ್ಲ. ಮನಸ್ಸೇ ಗಟ್ಟಿಯಿಲ್ಲದವನಿಗೆ ಭಾನುವಾರ ಮಾತ್ರ ಹೇಗೆ ಗಟ್ಟಿಯಾಗುತ್ತದೆ ಹೇಳು?

ಹೀಗೆ ನೋಡುವುದಕ್ಕೆ ಒಂದು ನೋಟ್‌ಬುಕ್ ಇಟ್ಟುಕೋ. ಗಂಟೆ ಎಷ್ಟು, ಎಲ್ಲಿದ್ದೆ, ಹೊಟ್ಟೆ ಹಸಿದಿತ್ತಾ, ಅವಳು ಏನಂದಳು, ಮೈಯಲ್ಲಿ ಮೊದಲು ಏನಾಯಿತು, ಇಷ್ಟನ್ನೇ ಬರಿ. ಕೆಲವರಿಗೆ ದವಡೆ ಬಿಗಿಯುತ್ತದೆ, ಕೆಲವರಿಗೆ ಕಿವಿ ಬಿಸಿಯಾಗುತ್ತದೆ. ನಿನಗೆ ಯಾವುದು ಅಂತ ಗೊತ್ತಾದರೆ ದನಿ ಏರುವ ಮೊದಲೇ ನಿನಗೆ ಎಚ್ಚರ ಬರುತ್ತದೆ. ‘ನಾನು ಕೆಟ್ಟವನು’ ಅಂತ ಮಾತ್ರ ಅದರಲ್ಲಿ ಬರೆಯಬೇಡ. ಅದರಿಂದ ಏನೂ ತಿಳಿಯುವುದಿಲ್ಲ.

ಇನ್ನು ತಡೆದುಕೊಳ್ಳುವ ವಿಷಯ. ಹಲ್ಲು ಕಚ್ಚಿ ಸಹಿಸುವುದೇ ಸಂಯಮ ಅಂತ ನಮಗೆಲ್ಲ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ನನಗೆ ಇದು ಅರ್ಧ ಸತ್ಯ ಅನಿಸುತ್ತದೆ. ವಾಲ್ಟರ್ ಮಿಶೆಲ್ ಅನ್ನುವ ಮನಶ್ಶಾಸ್ತ್ರಜ್ಞರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಚಿಕ್ಕ ಮಕ್ಕಳ ಮುಂದೆ ತಿಂಡಿ ಇಟ್ಟು, ಕಾದರೆ ಇನ್ನೂ ಜಾಸ್ತಿ ಕೊಡುತ್ತೇವೆ ಅಂತ ಹೇಳಿ ನೋಡಿದ್ದರು. ತಿಂಡಿಯನ್ನೇ ದಿಟ್ಟಿಸುತ್ತಾ ಕೂತ ಮಕ್ಕಳಿಗೆ ಕಾಯುವುದು ಕಷ್ಟವಾಯಿತು. ಅದನ್ನು ಮುಚ್ಚಿಟ್ಟಾಗ, ಅಥವಾ ಮಕ್ಕಳು ಬೇರೇನೋ ಖುಷಿಯ ವಿಷಯ ಯೋಚಿಸಿದಾಗ, ತುಂಬಾ ಹೊತ್ತು ಕಾದರು. ಕಾದ ಮಕ್ಕಳೇ ಮುಂದೆ ಜೀವನದಲ್ಲಿ ಗೆಲ್ಲುತ್ತಾರೆ ಅಂತ ಆಮೇಲೆ ಎಲ್ಲ ಕಡೆ ಹಬ್ಬಿತು. 2018ರಲ್ಲಿ ಹೆಚ್ಚು ಮಕ್ಕಳ ಮಾಹಿತಿ ತೆಗೆದುಕೊಂಡು ನೋಡಿದಾಗ, ಮನೆಯ ಪರಿಸ್ಥಿತಿಯನ್ನೂ ಲೆಕ್ಕಕ್ಕೆ ಹಿಡಿದರೆ ಆ ಸಂಬಂಧ ತುಂಬಾ ಸಣ್ಣದು ಅಂತ ಕಂಡಿತು. ಹಾಗಾಗಿ ಆ ಭವಿಷ್ಯವಾಣಿಯನ್ನು ನಾನು ನಂಬುವುದಿಲ್ಲ. ಕಣ್ಣೆದುರಿನಿಂದ ದೂರ ಇಟ್ಟರೆ ಕಾಯುವುದು ಸುಲಭ ಅನ್ನುವುದನ್ನು ಮಾತ್ರ ನೀನೂ ಮಾಡಿ ನೋಡಬಹುದು.

ನಿನಗೆ ಇದರ ಅರ್ಥ ಇಷ್ಟೇ. ಸಿಟ್ಟು ನೆತ್ತಿಗೇರಿದ ಮೇಲೆ ಅದರ ಜೊತೆ ಗುದ್ದಾಡಬೇಡ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅಂತಾರಲ್ಲ. ಮನೆಯೊಳಗೆ ಬರುವ ಮೊದಲೇ ಫೋನ್ ಬ್ಯಾಗಿಗೆ ಹಾಕು. ಜೊತೆಗೆ ಒಂದು ವಾಕ್ಯವನ್ನು ಮೊದಲೇ ಮಾಡಿಟ್ಟುಕೋ: ‘ಮುಖ ತೊಳೆಯುವ ಮೊದಲು ತಂಗಿ ಏನಾದರೂ ಕೇಳಿದರೆ, ಹತ್ತು ನಿಮಿಷ ಕೊಡು, ಬಂದು ಮಾತಾಡ್ತೀನಿ ಅಂತೀನಿ.’ ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಇಂಥ ‘ಹೀಗಾದರೆ ಹೀಗೆ ಮಾಡ್ತೀನಿ’ ಅನ್ನುವ ನಿರ್ಧಾರಗಳ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ‘ಇನ್ನು ಸಿಟ್ಟು ಮಾಡಿಕೊಳ್ಳಲ್ಲ’ ಅನ್ನುವ ಬರೀ ಸಂಕಲ್ಪಕ್ಕಿಂತ ಇದು ಕೆಲಸಕ್ಕೆ ಬರುತ್ತದೆ. ಯಾವಾಗ, ಏನು ಮಾಡಬೇಕು ಅನ್ನುವುದು ಮೊದಲೇ ತೀರ್ಮಾನವಾಗಿರುತ್ತದೆ, ಆ ಗಳಿಗೆಯಲ್ಲಿ ಯೋಚಿಸುತ್ತಾ ನಿಲ್ಲಬೇಕಾಗಿಲ್ಲ. ಹೇಳಿದ ಮೇಲೆ ಹತ್ತು ನಿಮಿಷಕ್ಕೆ ನಿಜವಾಗಿ ಹೋಗಬೇಕು. ಇಲ್ಲದಿದ್ದರೆ ಅವಳು ನಿನ್ನ ಮಾತನ್ನು ಯಾಕೆ ನಂಬಬೇಕು, ಅಲ್ವಾ?

ಒಂದು ವಾರದಲ್ಲೇ ಬದಲಾಗಬೇಕು ಅಂತ ಹಠ ಹಿಡಿಯಬೇಡ. ಲಂಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೊಸ ಅಭ್ಯಾಸ ತಾನಾಗಿ ಬರುವುದಕ್ಕೆ 18 ದಿನದಿಂದ 254 ದಿನದವರೆಗೂ ಬೇಕು ಅಂತ ಲೆಕ್ಕ ಸಿಕ್ಕಿತು. ನಡುವೆ ಒಂದು ದಿನ ತಪ್ಪಿದರೆ ಕೆಲಸ ಕೆಡಲಿಲ್ಲ. ತಪ್ಪಿದ ದಿನ ನೋಟ್‌ಬುಕ್ಕಿನಲ್ಲಿ ಬರೆದು ಮಲಗು.

ಸಿಟ್ಟಿನಲ್ಲಿ ಯಾವತ್ತಾದರೂ ಕೈ ಎತ್ತುವ ಹಾಗಾದರೆ, ಅಥವಾ ನಿದ್ದೆ ಹೀಗೇ ಕೆಡುತ್ತಿದ್ದರೆ, ಇದೆಲ್ಲ ಸಾಕಾಗುವುದಿಲ್ಲ. ಡಾಕ್ಟರ ಹತ್ತಿರ ಹೋಗು. ನಾಚಿಕೆ ಪಡಬೇಡ.

ನಿನ್ನೊಳಗಿನ ಆತಂಕ ನಿನಗೇ ಚೆನ್ನಾಗಿ ಗೊತ್ತು. ಆದರೆ ನಿನ್ನ ಮುಖ, ನಿನ್ನ ದನಿ ಆಗ ಹೇಗಿರುತ್ತವೆ ಅಂತ ಗೊತ್ತಿರುವುದು ತಂಗಿಗೆ. ಈ ಭಾನುವಾರ ಅವಳನ್ನು ಕೂರಿಸಿಕೊಂಡು ಕೇಳು, ‘ನಾನು ಕೂಗುವ ಮೊದಲು ನಿನಗೆ ಹೇಗೆ ಗೊತ್ತಾಗುತ್ತೆ?’ ಅಂತ. ಅವಳು ಹೇಳುವಾಗ ನಡುವೆ ಬಾಯಿ ಹಾಕಬೇಡ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದುಕೊಂಡು ನನಗೂ ಕಳಿಸು.

ಇಂತಿ ನಿನ್ನ,
ದೊಡ್ಡಮ್ಮ