ಗೋಲು ಹೊಡೆದವಳ ಹೆಸರನ್ನೂ ಹಾಕಿ

ಮಾನ್ಯ ಸಂಪಾದಕರೇ,

ಮಹಿಳಾ ಫುಟ್‌ಬಾಲ್‌ಗೆ ಕ್ರೀಡಾ ಪುಟದಲ್ಲಿ ಜಾಗ ಸಿಗುವುದೇ ಕಡಿಮೆ. ಅದು ಹಳೆಯ ತಕರಾರು, ಅದನ್ನೇ ಮತ್ತೆ ಹಾಡಲು ಈ ಪತ್ರ ಬರೆಯುತ್ತಿಲ್ಲ. ನಾನು ಕೇಳುತ್ತಿರುವುದು ಅದಕ್ಕಿಂತ ಸಣ್ಣದು. ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಹುಡುಗಿಯರ ಪಂದ್ಯ ನಡೆದರೆ, ಆ ಸುದ್ದಿಯಲ್ಲಿ ಗೋಲು ಹೊಡೆದವರ ಹೆಸರು ಹಾಕಿ. ಅಷ್ಟೇ.

ಇದೇನು ಮಹಾ ವಿಷಯ ಅನ್ನಿಸಬಹುದು. ಆದರೆ ಫಾರ್ವರ್ಡ್, ಅಂದರೆ ಮುಂದೆ ನಿಂತು ಗೋಲು ಹೊಡೆಯುವ ಜಾಗದಲ್ಲಿ ಆಡುವವಳಿಗೆ ಗೋಲಿನ ಲೆಕ್ಕವೇ ಆಸ್ತಿ. ಮಣಿಪುರದ ಬಾಲಾ ದೇವಿಯನ್ನೇ ನೋಡಿ. 2019ರ ನವೆಂಬರ್‌ನಲ್ಲಿ ಸ್ಕಾಟ್ಲೆಂಡ್‌ನ ರೇಂಜರ್ಸ್ ಕ್ಲಬ್‌ಗೆ ಟ್ರಯಲ್‌ಗೆ ಹೋದರು, 2020ರ ಜನವರಿಯಲ್ಲಿ 18 ತಿಂಗಳ ಒಪ್ಪಂದಕ್ಕೆ ಸಹಿ ಹಾಕಿದರು. ಆಗ ಎಲ್ಲ ಸುದ್ದಿಯಲ್ಲೂ ಬಂದದ್ದು ಒಂದೇ ಅಂಕಿ: ಭಾರತಕ್ಕಾಗಿ 58 ಪಂದ್ಯ, 52 ಗೋಲು. ಅವರ ಓಟ ಹೇಗೆ, ಚೆಂಡು ಹಿಡಿದಿಟ್ಟುಕೊಳ್ಳುವ ರೀತಿ ಹೇಗೆ ಅನ್ನುವುದೆಲ್ಲ ಆಮೇಲಿನ ಮಾತು, ಮೊದಲು ಕಣ್ಣಿಗೆ ಬಿದ್ದದ್ದು ಆ 52. ಅದೇ ವರ್ಷ ಡಿಸೆಂಬರ್‌ನಲ್ಲಿ ಮದರ್‌ವೆಲ್ ವಿರುದ್ಧ ಬದಲಿ ಆಟಗಾರ್ತಿಯಾಗಿ ಇಳಿದು ಗೋಲು ಹೊಡೆದರು. ತಂಡ 9-0ಯಿಂದ ಗೆದ್ದಿತ್ತು. ಅಂಥ ಪಂದ್ಯದಲ್ಲೂ ಯಾವ ಗೋಲು ಯಾರದು ಅಂತ ಅಲ್ಲಿನವರು ಬರೆದಿಟ್ಟಿದ್ದಾರೆ.

ಇನ್ನು ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯ ಮನೀಷಾ ಕಲ್ಯಾಣ್. 2021ರ ನವೆಂಬರ್‌ನಲ್ಲಿ ಮನೌಸ್‌ನಲ್ಲಿ ಬ್ರೆಜಿಲ್ ವಿರುದ್ಧ ಭಾರತ 6-1ರಿಂದ ಸೋತಿತು. ಆ ಒಂದು ಗೋಲು ಈ ಹುಡುಗಿಯದು, ಎಂಟನೇ ನಿಮಿಷದಲ್ಲಿ. ಬ್ರೆಜಿಲ್ ಮೊದಲ ನಿಮಿಷದಲ್ಲೇ ಮುಂದೆ ಹೋಗಿತ್ತು, ಇವಳು ಸಮ ಮಾಡಿದಳು, ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಸ್ವಲ್ಪ ಹೊತ್ತಾದರೂ ಬ್ರೆಜಿಲ್ ಜೊತೆ 1-1 ಅಂತ ಬೋರ್ಡ್ ಮೇಲೆ ಇತ್ತಲ್ಲ, ನನಗಂತೂ ಆ ವಿಡಿಯೋ ನೋಡಿ ಇನ್ನೂ ಸಾಕಾಗಿಲ್ಲ. ಮರುವರ್ಷ ಸೈಪ್ರಸ್‌ನ ಅಪೊಲೊನ್ ತಂಡ ಸೇರಿ, ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯಳಾದಳು. ಆಮೇಲೆ ಗ್ರೀಸ್‌ನ ಪಾವೋಕ್, ನಂತರ ಪೆರುವಿನ ಅಲಿಯಾನ್ಸಾ ಲಿಮಾ. ಪಕ್ಕದ ತೆಲಂಗಾಣದ ಸೌಮ್ಯಾ ಗುಗುಲೋತ್ ಕೂಡ 2022ರಲ್ಲಿ ಕ್ರೊವೇಷಿಯಾದ ಡಿನಾಮೊ ಜಾಗ್ರೆಬ್‌ಗೆ ಹೋಗಿ ಬಂದವಳು. ಇವರೆಲ್ಲ ದೊಡ್ಡ ಪಟ್ಟಣದ ಅಕಾಡೆಮಿಯಲ್ಲಿ ಹುಟ್ಟಿದವರಲ್ಲ.

ಕ್ರಿಕೆಟ್‌ನಲ್ಲಿ ಈ ಚಿಂತೆ ಇಲ್ಲ. ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್‌ಗೆ 5 ವಿಕೆಟ್ ಕಿತ್ತರು ಅನ್ನುವುದು ನಮ್ಮ ಕಡೆ ಸಣ್ಣ ಹುಡುಗರಿಗೂ ಬಾಯಿಪಾಠ. ಗಲ್ಲಿ ಟೂರ್ನಮೆಂಟ್ ಆದರೂ ಅಲ್ಲೊಬ್ಬ ಸ್ಕೋರ್ ಬರೆಯುವವ ಕೂತಿರುತ್ತಾನೆ. ನಮ್ಮ ಹುಡುಗಿಯರ ಫುಟ್‌ಬಾಲ್‌ಗೆ ಅಂಥವನೊಬ್ಬ ಇಲ್ಲ, ಇದ್ದರೂ ಅವನು ಬರೆದದ್ದು ಪತ್ರಿಕೆವರೆಗೆ ಬರುವುದಿಲ್ಲ.

ನನ್ನ ಅಣ್ಣನ ಮಗಳು ಟಿಳಕವಾಡಿಯಲ್ಲಿ ಆಡುತ್ತಾಳೆ, ಫಾರ್ವರ್ಡ್. ಅವಳ ಅಣ್ಣನ ಹಳೇ ಸ್ಟಡ್ಸ್ ಬೂಟು, ಮುಂದೆ ಜಾಗ ಜಾಸ್ತಿ ಅಂತ ಬೆರಳ ಹತ್ತಿರ ಕಾಲುಚೀಲ ತುರುಕಿಕೊಂಡು ಓಡುತ್ತಾಳೆ. ಮಳೆಗಾಲದಲ್ಲಿ ನಮ್ಮ ಮೈದಾನಗಳ ಕಥೆ ನಿಮಗೆ ಗೊತ್ತೇ ಇದೆ, ಪೆನಾಲ್ಟಿ ಹೊಡೆಯುವ ಜಾಗದಲ್ಲೇ ನೀರು ನಿಂತಿರುತ್ತದೆ. ಅಂಥ ಕೆಸರಲ್ಲಿ ಅವಳ ಶಾಲೆ 2-1ರಿಂದ ಗೆದ್ದಿತು. ಮರುದಿನ ಒಂದು ಪತ್ರಿಕೆಯಲ್ಲಿ (ನಿಮ್ಮದಲ್ಲ, ಸಮಾಧಾನ ಮಾಡಿಕೊಳ್ಳಿ) ಸುದ್ದಿ ಬಂತು. ಉದ್ಘಾಟಿಸಿದವರು ಯಾರು, ಅಧ್ಯಕ್ಷತೆ ಯಾರದು, ವೇದಿಕೆ ಮೇಲೆ ಯಾರ್ಯಾರು ಇದ್ದರು, ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು, ಎಲ್ಲ ಇದೆ. ಕೊನೆಯಲ್ಲಿ ‘ಬಾಲಕಿಯರ ವಿಭಾಗದಲ್ಲಿ’ ಅಂತ ಶುರುವಾಗಿ ಶಾಲೆಯ ಹೆಸರಿಗೆ ಮುಗಿಯುವ ಒಂದು ಸಾಲು. ಸ್ಕೋರೂ ಇಲ್ಲ. ಅವಳು ಪೇಪರ್ ಮಡಚಿಟ್ಟು ಹೇಳಿದಳು: "ಕಾಕಾ, ಎರಡೂ ಗೋಲ್ ನಾನ ಹೊಡದೇನಿ, ಫೋಟೋ ನೋಡಿದ್ರ ನಮ್ಮ ಹೆಡ್‌ಸರ್‌ದು ಬಂದೈತಿ."

ಹೆಡ್‌ಸರ್ ಮೇಲೆ ನನಗೇನೂ ಸಿಟ್ಟಿಲ್ಲ ಬಿಡಿ. ಆದರೆ ನಾಳೆ ಇವಳು ಬೆಂಗಳೂರಿಗೋ ಗೋವಾಕ್ಕೋ ಟ್ರಯಲ್‌ಗೆ ಹೋದರೆ, ಎಷ್ಟು ಗೋಲು ಹೊಡೆದಿದ್ದೀಯಮ್ಮ ಅಂತ ಕೇಳಿದರೆ ಏನು ತೋರಿಸಬೇಕು? ಡಿಫೆಂಡರ್‌ನ ಕೆಲಸ ಅಂಕಿಯಲ್ಲಿ ಹಿಡಿಯುವುದು ಕಷ್ಟ, ಫಾರ್ವರ್ಡ್‌ದು ಹಾಗಲ್ಲ, ಸುಲಭವಾಗಿ ಎಣಿಸಬಹುದು. ಎಣಿಸಿದ್ದನ್ನು ಯಾರೂ ಬರೆದಿಡುತ್ತಿಲ್ಲ ಅಷ್ಟೇ. ದೇಶದ ಮಟ್ಟದಲ್ಲೂ ಇವರಿಗೆ ಸಿಗುವ ಪಂದ್ಯ ಕಮ್ಮಿ. ಭಾರತೀಯ ಮಹಿಳಾ ಲೀಗ್‌ನಲ್ಲಿ 2024-25ರಲ್ಲಿ ಎಂಟು ತಂಡ, ಪ್ರತಿ ತಂಡಕ್ಕೆ 14 ಪಂದ್ಯ. ಕೆಳಗೆ ಬಂದಂತೆ ಇನ್ನೂ ಕಮ್ಮಿ, ಹತ್ತನೇ ಕ್ಲಾಸ್ ಮುಗಿದ ಮೇಲೆ ಎಷ್ಟೋ ಹುಡುಗಿಯರಿಗೆ ಒಂದೂ ಇಲ್ಲ. ಇಷ್ಟು ಕಮ್ಮಿ ಇರುವಾಗ ಒಂದೊಂದು ಗೋಲಿಗೂ ಬೆಲೆ ಜಾಸ್ತಿ, ಅಲ್ವಾ?

ಭಾರತದ ತಂಡ 2025ರ ಜುಲೈ 5ರಂದು ಥಾಯ್ಲೆಂಡ್ ನೆಲದಲ್ಲೇ ಅವರನ್ನು 2-1ರಿಂದ ಸೋಲಿಸಿ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಅವರು ಮಿಡ್‌ಫೀಲ್ಡರ್, ನಡುಮೈದಾನದ ಆಟಗಾರ್ತಿ, ಆದರೂ ಹೆಸರು ದಾಖಲಾಗಿದೆ, ಹಾಗಾಗಿ ನಾನಿಲ್ಲಿ ಬರೆಯಲು ಆಯಿತು.

ಬೆಳಗಾವಿಗೆ ಫುಟ್‌ಬಾಲ್ ಹೊಸದೂ ಅಲ್ಲ. ಸೇನೆಯ ಕ್ಯಾಂಪ್ ಇದೆ, ಮರಾಠಾ ರೆಜಿಮೆಂಟ್ ಇದೆ, ಹಳೇ ಮಿಷನ್ ಶಾಲೆಗಳಿವೆ, ಘಟ್ಟ ಇಳಿದರೆ ಗೋವಾ. ಇಲ್ಲಿ ಆಟ ನೋಡಿ ತಿಳಿಯುವ ಜನ ಇದ್ದಾರೆ, ಅವರು ಓದುತ್ತಾರೆ.

ಟೂರ್ನಮೆಂಟ್ ನಡೆಸುವವರಿಗೂ ಇದರಲ್ಲಿ ಕೆಲಸ ಇದೆ. ಗೋಲಾದಾಗ ಜೆರ್ಸಿ ನಂಬರ್, ಹೆಸರು, ಎಷ್ಟನೇ ನಿಮಿಷ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಪಂದ್ಯ ಮುಗಿದ ಮೇಲೆ ಅದರ ಫೋಟೋ ತೆಗೆದು ವರದಿಗಾರರ ವಾಟ್ಸ್ಆ್ಯಪ್‌ಗೆ ಹಾಕಿ. ವೇದಿಕೆಯ ಫೋಟೋ ಜೊತೆಗೇ ಕಳಿಸಿದರೆ ಆಯಿತು. ಸಂಪಾದಕರೇ, ಎರಡಕ್ಕೂ ಜಾಗ ಇಲ್ಲದಿದ್ದರೆ ಯಾವುದನ್ನು ಬಿಡಬೇಕು ಅಂತ ನಿಮ್ಮ ಡೆಸ್ಕ್‌ನವರಿಗೆ ಹೇಳಿಬಿಡಿ.

ಇಂತಿ,
ಒಬ್ಬ ಓದುಗ, ಟಿಳಕವಾಡಿ, ಬೆಳಗಾವಿ