ನನ್ನಮ್ಮ ಆಯಿಗೆ, ಮತ್ತೆ ಐದು ವರ್ಷ ಜೊತೆಗಿದ್ದ ಎಲ್ಲರಿಗೂ

ಎಲ್ಲರಿಗೂ ನಮಸ್ಕಾರ. ನಾನು ಮಾಡ್ತಿದ್ದ, ನನ್ನ ಮತ್ತೆ ನಮ್ಮನೆ ಕಥೆಯ ಸಿನಿಮಾ ಮುಗೀತು. ಐದು ವರ್ಷ ಹಿಡೀತು 54 ನಿಮಿಷಕ್ಕೆ, ಮೊನ್ನೆ ಭಾನುವಾರ ರಾತ್ರಿ ಯಲ್ಲಾಪುರದ ಹತ್ರ ನಮ್ಮೂರಲ್ಲಿ, ನಮ್ಮನೆ ಅಂಗಳದಲ್ಲೇ ಬಿಳಿ ಪಂಚೆ ಕಟ್ಟಿ ಮೊದಲ ಸಲ ತೋರಿಸಿದ್ವಿ. ಅವತ್ತಿಂದ ಮೆಸೇಜ್ ಬರ್ತಾನೇ ಇದೆ, ಒಬ್ಬೊಬ್ರಿಗೂ ಬರೆಯೋಕೆ ಆಗ್ತಿಲ್ಲ, ಅದಕ್ಕೆ ಎಲ್ಲರಿಗೂ ಸೇರಿಸಿ ಇಲ್ಲೇ ಬರೀತಿದ್ದೀನಿ.

ಗೊತ್ತಿಲ್ಲದೋರಿಗೆ, ನಾನು ಸಿದ್ದಿ ಹುಡುಗಿ. ನಮ್ಮ ಹಿರಿಯರನ್ನ ಆಫ್ರಿಕಾದಿಂದ ಹಡಗಲ್ಲಿ ತಂದು ಗೋವಾದಲ್ಲಿ ಗುಲಾಮರಾಗಿ ಇಟ್ಕೊಂಡಿದ್ರು, ಅಲ್ಲಿಂದ ತಪ್ಪಿಸ್ಕೊಂಡು ಘಟ್ಟದ ಕಾಡು ಸೇರಿದೋರು ಎಷ್ಟೋ ಜನ. ಮನೇಲಿ ಕೊಂಕಣಿ, ಶಾಲೇಲಿ ಕನ್ನಡ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ರು, ಆದ್ರೂ ಬೆಂಗಳೂರಲ್ಲಿ ನನ್ನ ಮುಖ ನೋಡಿದ ತಕ್ಷಣ ಇಂಗ್ಲಿಷಲ್ಲೇ ಶುರು ಮಾಡ್ತಾರೆ, ಯಾವ ದೇಶ ಅಂತ ಕೇಳ್ತಾರೆ. ಅದರ ಜೊತೆಗೆ ನಾನು ಪ್ರೀತಿಸಿದ್ದು ಒಬ್ಬ ಹುಡುಗೀನ. ಸಿದ್ದಿ ವಿಷ್ಯ ಬೇರೆ ಮಾಡು, ಪ್ರೀತಿ ವಿಷ್ಯ ಬೇರೆ ಮಾಡು, ಎರಡೂ ಸೇರಿಸಿದ್ರೆ ಯಾರೂ ದುಡ್ಡು ಹಾಕಲ್ಲ ಅಂತ ಸಲಹೆ ಕೊಟ್ಟೋರು ತುಂಬ ಜನ. ನಾನಿರೋದು ಒಬ್ಳೇ, ಎಲ್ಲಿ ಅಂತ ಕತ್ತರಿಸ್ಲಿ?

ಆಗ ಕೈ ಹಿಡಿದಿದ್ದು ಶೆರಿಲ್ ಡನ್ಯೆ. ಲೈಬೀರಿಯಾದಲ್ಲಿ ಹುಟ್ಟಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೆಳೆದ ಹೆಣ್ಮಗಳು, ನನ್ನ ಹೆಸರೂ ಗೊತ್ತಿಲ್ಲ ಅವರಿಗೆ. 1996ರಲ್ಲಿ 'ದಿ ವಾಟರ್‌ಮೆಲನ್ ವುಮನ್' ಅನ್ನೋ ಸಿನಿಮಾ ಮಾಡಿದ್ರು. ಹಳೇ ಹಾಲಿವುಡ್ ಸಿನಿಮಾದಲ್ಲಿ ಹೆಸರೂ ಹಾಕದೆ ಬಿಟ್ಟ ಕಪ್ಪು ನಟಿಯೊಬ್ಬಳನ್ನ ಹುಡುಕಿ ಹೋಗೋ ಹುಡುಗಿ ಕಥೆ, ಅವಳೂ ಕಪ್ಪು, ಅವಳೂ ಹುಡುಗೀರನ್ನೇ ಪ್ರೀತಿಸೋಳು, ಆ ಪಾತ್ರಾನೂ ಶೆರಿಲ್ ಅವರೇ ಮಾಡಿದಾರೆ. ಆ ನಟಿ ಶೆರಿಲ್ ಕಟ್ಟಿದ ಕಲ್ಪನೆ, ಯಾಕಂದ್ರೆ ನಿಜವಾಗಿ ಇದ್ದಂಥವರ ದಾಖಲೆ ಯಾರೂ ಇಟ್ಟಿರ್ಲಿಲ್ಲ, ಅದಕ್ಕೆ ಜೋಯಿ ಲೆನರ್ಡ್ ಅನ್ನೋ ಕಲಾವಿದೆ ಜೊತೆ ಸೇರಿ ಸುಮಾರು 80 ಫೋಟೋ ಹೊಸದಾಗಿ ತೆಗೆದು ಹಳೇ ಆಲ್ಬಮ್ ಥರ ಮಾಡಿದ್ರು. ಸರ್ಕಾರಿ ಅನುದಾನ 31,500 ಡಾಲರ್ ಕೊಟ್ಟಿದ್ದಕ್ಕೆ ಅವರ ಸಂಸತ್ತಲ್ಲಿ ಗಲಾಟೆ ಆಯ್ತು. ಅದೇ ಸಿನಿಮಾನ 2021ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿಸಿ ಕಾಪಾಡ್ಕೊಂಡಿದಾರೆ. ಶೆರಿಲ್ ಅಕ್ಕಾ, ಇಷ್ಟು ದೂರದಿಂದ ನಿಮಗೊಂದು ದೊಡ್ಡ ಥ್ಯಾಂಕ್ಸ್.

ಯಾಕಂದ್ರೆ ನಮ್ಮನೇಲೂ ಫೋಟೋ ಇಲ್ಲ. ಅಜ್ಜ ತೀರ್ಕೊಂಡ ಮೇಲೆ ಅಜ್ಜಿ ಜೊತೆ ಒಬ್ಬ ಗೆಳತಿ ಕೊನೇವರೆಗೂ ಇದ್ರಂತೆ, ಒಂದೇ ಮನೆ, ಒಂದೇ ಒಲೆ. ಅವರ ನಡುವೆ ಏನಿತ್ತೋ ನಾನು ಹೇಳೋ ಹಂಗಿಲ್ಲ. ಆಯಿ ಹತ್ರ ಎರಡು ವರ್ಷ ಕೇಳ್ದೆ, ಬಾಯಿ ಬಿಡ್ಲಿಲ್ಲ. ಒಂದಿನ ಮಳೆಗಾಲದ ಮಧ್ಯಾಹ್ನ ತಾನಾಗೇ ಅಟ್ಟದಿಂದ ಅಜ್ಜಿ ಕೌದಿ ಇಳಿಸಿ ಕ್ಯಾಮೆರಾ ಮುಂದೆ ಹಾಸಿದ್ಲು. ನಮ್ಮಲ್ಲಿ ಕೌದಿ ನಾಲ್ಕೂ ಮೂಲೆಗೆ ಬಟ್ಟೆ ತ್ರಿಕೋನವಾಗಿ ಮಡಚಿ ಒಂದರ ಮೇಲೊಂದು ಇಟ್ಟು ಫೂಲಾ ಹೊಲೀತಾರೆ, ಅದಿಲ್ದಿದ್ರೆ ಕೌದಿ ಬೆತ್ತಲೆ ಅಂತಾರೆ. ಆಯಿ ಒಂದು ಮೂಲೆ ಮೇಲೆ ಬೆರಳಿಟ್ಲು. ಕೆಳಗಡೆ ಕಡುಹಸಿರು, ಅದು ಆ ಗೆಳತಿ ಸೀರೆ. ಮೇಲಿನ ಕೆಂಪು ಅಜ್ಜೀದು. ಅಷ್ಟೇ ಹೇಳಿ ಸುಮ್ನಾದ್ಲು. ಕ್ಯಾಮೆರಾ ಹಿಡಿದಿದ್ದ ಗೆಳೆಯ ಕಟ್ ಮಾಡ್ದೆ ಹಂಗೇ ಓಡಿಸ್ತಾ ಇದ್ದ, ಅವನಿಗೆ ನಾನು ಯಾವತ್ತೂ ಋಣಿ, ಸಿನಿಮಾದ ಜೀವ ಆ ಹನ್ನೊಂದು ನಿಮಿಷ.

ನಮ್ಮ ಸಿದ್ದಿ ಡೋಲು ಡಮಾಮಿ ಬಾರಿಸಿ ಒಂದ್ರೂಪಾಯೂ ತಗೊಳ್ದೇ ಹೋದ ಹಿರಿಯರಿಗೆ, ಐನೂರು ಸಾವಿರ ಅಂತ ಕಳಿಸಿದ ಎಲ್ಲರಿಗೂ, ಬಾಡಿಗೆ ಮನೆಯೋರು ನಮ್ಮಿಬ್ಬರನ್ನ ಒಂದೇ ವಾರದಲ್ಲಿ ಖಾಲಿ ಮಾಡಿಸ್ದಾಗ ಎಂಟು ತಿಂಗಳು ತನ್ನ ರೂಮಲ್ಲಿ ಹಾರ್ಡ್ ಡಿಸ್ಕ್ ಸಮೇತ ಇಟ್ಕೊಂಡ ಗೆಳತಿಗೆ, ಹೃದಯ ತುಂಬಿ ಧನ್ಯವಾದ.

ಇನ್ನು ಇವಳು, ನಾನು ಪ್ರೀತಿಸಿದ ಹುಡುಗಿ. 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟ್ ನಮ್ಮಂಥೋರ ಪ್ರೀತಿ ಅಪರಾಧ ಅಲ್ಲ ಅಂತ ಸೆಕ್ಷನ್ 377ರ ತೀರ್ಪು ಕೊಟ್ಟಾಗ ಇಬ್ರೂ ಬಸ್‌ಸ್ಟ್ಯಾಂಡಲ್ಲೇ ನಿಂತು ಅತ್ತಿದ್ವಿ. 2023ರ ಅಕ್ಟೋಬರ್ 17ಕ್ಕೆ ಅದೇ ಕೋರ್ಟ್ ನಮ್ಮಂಥೋರಿಗೆ ಮದುವೆ ಹಕ್ಕು ಕೊಡೋಕಾಗಲ್ಲ ಅಂದಾಗ ನಾನು ಲ್ಯಾಪ್‌ಟಾಪ್ ಮುಚ್ಚಿ ಮಲಗ್ಬಿಟ್ಟೆ, ಎಡಿಟಿಂಗೂ ಬೇಡ ಏನೂ ಬೇಡ ಅಂತ. ಇವಳು ಗಂಜಿ ಕಾಯಿಸಿ ತಂದು, ಊಟ ಮಾಡು, ಆಮೇಲೆ ಆ ಕೌದಿ ಸೀನ್ ನೋಡೋಣ ಅಂದ್ಲು. ನೋಡಿದ್ವಿ. ನಿನಗೆ ಥ್ಯಾಂಕ್ಸ್ ಅಂತ ಒಂದು ಮಾತಲ್ಲಿ ಹೇಳಿ ಮುಗಿಸೋಕೆ ನಂಗೆ ಬರಲ್ಲ ಕಣೇ.

ಭಾನುವಾರ ಸಿನಿಮಾ ಮುಗಿದ್ಮೇಲೆ ಆಯಿ ಏನೂ ಮಾತಾಡ್ಲಿಲ್ಲ. ಬೆಳಿಗ್ಗೆ ನಾವು ಹೊರಡೋ ಹೊತ್ತಿಗೆ, ಕೊಂಕಣಿ ಬಿಟ್ಟು ಕನ್ನಡದಲ್ಲಿ, ಇವಳ ಹತ್ರ ಬಂದು, ಹೊಸ ಕೌದಿ ಶುರು ಮಾಡ್ಬೇಕು, ನಿಂದು ಹಳೇ ಬಟ್ಟೆ ಏನಾದ್ರೂ ಇದ್ರೆ ಕೊಟ್ಟು ಹೋಗು ಮಗಾ ಅಂದ್ಲು. ಇವಳು ಬ್ಯಾಗಿಂದ ನೀಲಿ ಕುರ್ತಾ ತೆಗೆದು ಕೊಟ್ಲು. ಒಗೆದಿರ್ಲಿಲ್ಲ, ಆಯಿ ಅದನ್ನ ಹೆಗಲಿಗೆ ಹಾಕ್ಕೊಂಡು ಬಾವಿಕಟ್ಟೆ ಕಡೆ ಹೋದ್ಲು.